ಆನೆಯಾದ ಜಾತಕ

ನನ್ನ ಕೈಗೆ ಕಾಗದ ಕೊಡಬಾರದು ಎನ್ನುವುದು ನಮ್ಮ ಬಂಧುಬಳಗದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಮದುವೆಗೆ ಕರೆಯಲು ಬಂದವರು ಆಹ್ವಾನಪತ್ರಿಕೆಯನ್ನು ನನ್ನ ಹೆಂಡತಿಯ ಕೈಗೇ ಕೊಡುತ್ತಾರೆ. ನಾನು ಚಾಚಿದ ಕೈಗೆ ಅಕ್ಷತೆ ಮಾತ್ರ ಬೀಳುತ್ತದೆ. ಬಸ್ಸಿನಲ್ಲಿ ಇಳಿಯುವ ಊರು ಬರುವಷ್ಟರಲ್ಲಿ ನನ್ನ ಟಿಕೆಟ್ಟಿಗೆ ಎರಡು ರೆಕ್ಕೆಯೂ ಒಂದು ಕೊಕ್ಕೂ ಬಂದಿರುತ್ತವೆ. ಜನ ಕಾಗದ ಕಂಡರೆ ಓದುತ್ತಾರೆ, ಇಲ್ಲವೇ ಕೈ ಒರೆಸಿ ಬಿಸಾಡುತ್ತಾರೆ. ನನಗೆ ಮಾತ್ರ ಚಪ್ಪಟೆಯಾಗಿ ಬಿದ್ದಿರುವ ಕಾಗದ ನೋಡಿದರೆ, ಕಾಲು ಚಾಚಿ ಮಲಗಿದ ದನವನ್ನು ನೋಡಿದ ರೈತನಿಗೆ ಆಗುವಂತೆ ಏನೋ ಕಳವಳ. ಅದನ್ನು ಹೇಗಾದರೂ ಎಬ್ಬಿಸಿ ನಾಲ್ಕು ಕಾಲಿನ ಮೇಲೆ ನಿಲ್ಲಿಸುವವರೆಗೆ ಸಮಾಧಾನವಿಲ್ಲ. ಲೋಕದಲ್ಲಿ ಕುಡಿತದಿಂದ ಕೆಟ್ಟವರಿದ್ದಾರೆ, ಇಸ್ಪೀಟಿನಿಂದ ಕೆಟ್ಟವರಿದ್ದಾರೆ. ನಾನು ಕಾಗದದಿಂದ ಕೆಡುವುದರಲ್ಲಿದ್ದೆ. ಅದೂ ನನ್ನ ಕಾಗದವಲ್ಲ, ಬೇರೆಯವರ ಮಗಳ ಜಾತಕ.

ಈ ಚಟ ಅಂಟಿಕೊಂಡದ್ದು ಮೈಸೂರಿನಲ್ಲಿ. ಅರವತ್ತರ ದಶಕದ ನಡುವಿನ ಮಾತು. ನಾನು ಅಲ್ಲಿ ಉಪಾಧ್ಯಾಯರ ತರಬೇತಿಗೆ ಸೇರಿದ್ದೆ. ಒಂದು ಭಾನುವಾರ ರಸ್ತೆ ಬದಿಯಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂತವನ ಹತ್ತಿರ ಒಂದು ಜಪಾನಿ ಪುಸ್ತಕ ಸಿಕ್ಕಿತು. ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಓದಲು ಬರುವಂತಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಪುಟದ ತುಂಬ ಚೌಕಗಳು, ಚುಕ್ಕಿಗೆರೆಗಳು, ಬಾಣದ ಗುರುತುಗಳು. ಇಲ್ಲಿ ಮಡಿಸು, ಅಲ್ಲಿ ಹೊರಳಿಸು, ಈ ಮೂಲೆಯನ್ನು ಒಳಗೆ ತೂರಿಸು ಎಂದು ಬಾಣಗಳೇ ಹೇಳುತ್ತಿದ್ದವು. ಮೊದಲ ಪುಟದಲ್ಲಿ ದೋಣಿ ಇತ್ತು, ಕೊನೆಯ ಪುಟದಲ್ಲಿ ಆನೆ. ಒಂದೇ ಒಂದು ಚೌಕದ ಕಾಗದ; ಕತ್ತರಿ ಇಲ್ಲ, ಅಂಟು ಇಲ್ಲ. ಈಗ ಇದನ್ನು ಒರಿಗಾಮಿ ಎನ್ನುತ್ತಾರೆ, ನನ್ನ ಮೊಮ್ಮಗಳ ಶಾಲೆಯಲ್ಲಿ ಅದಕ್ಕೊಂದು ಪೀರಿಯಡ್ಡೇ ಇದೆ. ನಮ್ಮ ಕಾಲಕ್ಕೆ ಅದಕ್ಕೆ ಹೆಸರಿರಲಿಲ್ಲ. ರಜಕ್ಕೆ ಊರಿಗೆ ಹೋದಾಗ ಯಾರಾದರೂ ನನ್ನನ್ನು ಕೇಳಿಕೊಂಡು ಬಂದರೆ ನಮ್ಮವ್ವ, "ಒಳಗೆ ಕಾಗ್ದ ಮುದುರ್ತಾ ಕೂತವ್ನೆ" ಎನ್ನುತ್ತಿದ್ದಳು. ಯೋಚಿಸಿ ನೋಡಿದರೆ ಅದು ಸರಿಯಾದ ವಿವರಣೆಯೇ.

ತರಬೇತಿ ಮುಗಿದ ಮೇಲೆ ನನ್ನನ್ನು ಸರಗೂರಿನ ಶಾಲೆಗೆ ಹಾಕಿದರು. ನಮ್ಮದು ಹೊಸ ಅಗ್ರಹಾರದ ಹತ್ತಿರದ ಹಳ್ಳಿ. ಅಲ್ಲಿಂದ ಸರಗೂರೆಂದರೆ ಆಗಿನ ಲೆಕ್ಕಕ್ಕೆ ಪರದೇಶ. ಒಂದು ಕೋಣೆ ಬಾಡಿಗೆಗೆ ಹಿಡಿದು, ಬೆಳಿಗ್ಗೆ ಸಂಜೆ ನಾನೇ ಬೇಯಿಸಿಕೊಂಡು, ಉಳಿದ ಹೊತ್ತೆಲ್ಲ ಆ ಪುಸ್ತಕದ ಪುಟಗಳಲ್ಲಿ ಮುಂದುವರಿಯುತ್ತಿದ್ದೆ. ಕಪ್ಪೆ ದಾಟಿದೆ, ಮೊಲ ದಾಟಿದೆ, ನವಿಲು ದಾಟಲು ಮೂರು ತಿಂಗಳು ಹಿಡಿಯಿತು. ಕೊನೆಗೊಂದು ದಿನ ಆನೆ ಬಂತು. ಆ ದಿನ ನನಗಾದ ಹೆಮ್ಮೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಸಂತೆಯ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಟೀ ಅಂಗಡಿಗೆ ಹೋಗಿ, ಏನೂ ಗೊತ್ತಿಲ್ಲದವನ ಹಾಗೆ ಬೆಂಚಿನ ಮೇಲೆ ನಿಲ್ಲಿಸಿ ಟೀ ಕುಡಿಯತೊಡಗಿದೆ. ಯಾರಾದರೂ ಕೇಳಲಿ ಎಂದು.

ಕೇಳಿದವನು ಬೊಮ್ಮಣ್ಣ. ಕಾಡಂಚಿನ ಹಾಡಿಯವನು, ಜೇನು ಕುರುಬರವನು, ಆನೆ ಕ್ಯಾಂಪಿನಲ್ಲಿ ಮಾವುತ. ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವನಿರಬೇಕು. ಅವನು ಆನೆಯನ್ನು ಅಂಗೈ ಮೇಲಿಟ್ಟುಕೊಂಡು ಹಿಂದೆ ಮುಂದೆ ನೋಡಿದ. ಆಮೇಲೆ ನೆಲದ ಮೇಲಿಟ್ಟು, ತಾನೂ ಕುಕ್ಕರುಗಾಲಲ್ಲಿ ಕೂತು ನೋಡಿದ. ಸೊಂಡಿಲು ಪರವಾಗಿಲ್ಲ, ಕಿವಿಯೂ ಅಡ್ಡಿಯಿಲ್ಲ, ಆದರೆ ಹಿಂಗಾಲು ಹಸುವಿನದು ಅಂದ. ಎಲ್ಲ ಪ್ರಾಣಿಗಳ ಹಿಂಗಾಲೂ ಹಾಗೇ ಅಲ್ಲವೇ ಎಂದು ನಾನು ಮೇಷ್ಟ್ರ ಧಾಟಿಯಲ್ಲಿ ಕೇಳಿದೆ.

"ಇಲ್ಲ ಬುದ್ದಿ. ಆನೆ ಇಂದಕ್ಕೆ ಮಡಿಸಾಕಿಲ್ಲ. ಅದು ನಮ್ಮಂಗೆ ಮಂಡಿ ಊರ್ತದೆ" ಅಂದ ಬೊಮ್ಮಣ್ಣ. ಬಾಯಲ್ಲಿ ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲವೆಂದು ಕಂಡಿತೋ ಏನೋ, ಸಂತೆಯ ಧೂಳಿನಲ್ಲೇ ಎರಡು ಕೈ ಊರಿ, ಹಿಂದಿನ ಎರಡು ಮಂಡಿಗಳನ್ನು ಒಂದಾದ ಮೇಲೊಂದು ನೆಲಕ್ಕೆ ತಾಗಿಸಿ, ಮಾವುತನನ್ನು ಹತ್ತಿಸಿಕೊಳ್ಳುವ ಆನೆ ಹೇಗೆ ಕೂರುತ್ತದೆಂದು ತೋರಿಸಿದ. ಐವತ್ತರ ಹತ್ತಿರದ ಮನುಷ್ಯ, ಆ ಕ್ಷಣಕ್ಕೆ ಆನೆಯೇ ಆಗಿದ್ದ. ಮೈಯ ಭಾರವೆಲ್ಲ ಸೊಂಟದಿಂದ ಮಂಡಿಗೆ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ನನ್ನನ್ನೂ ಮಾಡಲು ಹೇಳಿದ. ಕಲಿಯುವ ಆಸೆ ಇರುವವನಿಗೆ ಮಾನದ ಪ್ರಶ್ನೆ ಬರಬಾರದೆಂದು ಪಂಚೆ ಎತ್ತಿ ಕಟ್ಟಿ ನಾನೂ ಕೈಯೂರಿದೆ. ತರಕಾರಿ ಚೀಲ ಹಿಡಿದ ನಮ್ಮ ಹೆಡ್‌ಮಾಸ್ಟರು ಅದೇ ಹೊತ್ತಿಗೆ ಅಲ್ಲಿಗೆ ಬಂದರು. ಒಂದು ಗಳಿಗೆ ನಿಂತು ನೋಡಿ, ಏನೂ ಕೇಳದೆ, ಬದನೆಕಾಯಿ ಕೊಳ್ಳಲು ಹೋದರು. ಮರುದಿನವೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಅಂದಿನಿಂದ ನನ್ನ ಬದುಕಿಗೆ ಒಂದೇ ಗುರಿ: ಆನೆಯ ಹಿಂಗಾಲಿಗೆ ಸರಿಯಾದ ಮಂಡಿ. ಪುಸ್ತಕದ ಬಾಣಗಳು ಅಲ್ಲಿಗೆ ಮುಗಿಯುತ್ತಿದ್ದವು, ಮುಂದಿನ ದಾರಿ ನಾನೇ ಕಂಡುಕೊಳ್ಳಬೇಕು. ಕಂಡುಕೊಂಡೆ. ಕಾಲಿನ ತುದಿಯನ್ನು ಇನ್ನೆರಡು ಸಲ ಒಳಗೆ ತಿರುಗಿಸಿ ಮಡಿಸಿದರೆ ಮಂಡಿ ಬರುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಕಾಗದ ಹತ್ತಾರು ಪದರವಾಗಿ ಕಡುಬಿನ ಹಾಗೆ ಉಬ್ಬಿ, ಇನ್ನೊಂದು ಮಡಿಕೆ ಅಂದರೆ ಸಾಕು, ತೊಡೆಯಲ್ಲಿ ಬಿರಿಯುತ್ತಿತ್ತು. ತೆಳ್ಳಗಿರಬೇಕು, ಹರಿಯಬಾರದು, ನೋಡಲು ಅಂದವಾಗಿಯೂ ಇರಬೇಕು. ಇಂಥ ಕಾಗದಕ್ಕಾಗಿ, ಹೆಣ್ಣು ಹುಡುಕುವವರು ಅಲೆಯುವುದಕ್ಕಿಂತ ಹೆಚ್ಚು ಅಲೆದೆ. ಊದುಬತ್ತಿಯ ಕಟ್ಟಿನ ಮೇಲಿನ ಹೂವಿನ ಕಾಗದ ತಂದೆ, ಆನೆ ಘಮಘಮ ಎಂದಿತು, ನಿಲ್ಲಲಿಲ್ಲ. ಬಾಸಿಂಗಕ್ಕೆ ಹಚ್ಚುವ ಬೇಗಡೆ ತಂದೆ, ಅದು ಮಡಿಸಿದಲ್ಲೆಲ್ಲ ತೂತಾಯಿತು. ಸಿಗರೇಟು ಪ್ಯಾಕಿನ ಒಳಗಿನ ಬೆಳ್ಳಿ ಕಾಗದ ಚೆನ್ನಾಗಿತ್ತು, ಆದರೆ ಅದರಲ್ಲಿ ಇಲಿಗಿಂತ ದೊಡ್ಡ ಆನೆ ಬರುತ್ತಿರಲಿಲ್ಲ. ಅಲ್ಲದೆ ಸೇದುವವರ ಹಿಂದೆ ಹಿಂದೆ ತಿರುಗುತ್ತಿದ್ದುದರಿಂದ ನಾನೂ ಸೇದುತ್ತೇನೆಂದು ಸುದ್ದಿಯಾಯಿತು. ಹುಣಸೂರಿನಲ್ಲಿ ಪುಸ್ತಕ ಕಟ್ಟುವವರೊಬ್ಬರು ರಟ್ಟಿನ ಒಳಬದಿಗೆ ಅಂಟಿಸಲು ಒಂದು ಕಾಗದ ಇಟ್ಟಿದ್ದರು. ನೀರಿನ ಮೇಲೆ ಬಣ್ಣ ಚೆಲ್ಲಿ ಎತ್ತಿದ ಹಾಗೆ ನೀಲಿ ಕೆಂಪು ಎಳೆಗಳು ಸುತ್ತಿಕೊಂಡಿರುತ್ತಿದ್ದವು. ಕಾಡಿ ಬೇಡಿ ಎರಡು ಹಾಳೆ ತಂದೆ. ಮೂರನೇ ಮಡಿಕೆಗೇ ಹಪ್ಪಳದ ಹಾಗೆ ಪಟಪಟನೆ ಮುರಿಯಿತು.

ಇತ್ತ ನಮ್ಮ ಅಪ್ಪನಿಗೆ ನನ್ನ ಮದುವೆಯ ಚಿಂತೆ ಹತ್ತಿತ್ತು. ನಮ್ಮ ಕಡೆ ಒಕ್ಕಲು ಮಕ್ಕಳಲ್ಲಿ ಆಗ ಜಾತಕದ ಗೋಜು ಅಷ್ಟಾಗಿ ಇರಲಿಲ್ಲ, ಹೆಸರುಬಲ ನೋಡಿದರೆ ಮುಗಿಯಿತು. ಆದರೆ ನಮ್ಮಣ್ಣನ ಮದುವೆ ಹಾಗೆ ಹೆಸರುಬಲದಲ್ಲೇ ಆಗಿ, ಅತ್ತಿಗೆ ಮತ್ತು ಅವ್ವನ ನಡುವೆ ಒಲೆಯ ವಿಷಯಕ್ಕೆ ಶುರುವಾದ ಜಗಳ ಮನೆ ಎರಡಾಗುವುದರಲ್ಲಿ ನಿಂತಿತ್ತು. ತಪ್ಪೆಲ್ಲ ಹೆಸರುಬಲದ್ದೇ ಎಂದು ಅಪ್ಪ ತೀರ್ಮಾನಿಸಿದ್ದರು. ಎರಡನೇ ಮಗನಿಗೆ ಜಾತಕ ಕೂಡದೆ ಹೆಜ್ಜೆ ಇಡುವುದಿಲ್ಲವೆಂದು ಪಣ ತೊಟ್ಟಿದ್ದರು. ಯಾವುದೋ ಹಬ್ಬಕ್ಕೆ ಊರಿಗೆ ಹೋದಾಗ ಬಟ್ಟೆಯಲ್ಲಿ ಸುತ್ತಿದ ಒಂದು ಸುರುಳಿ ಕೊಟ್ಟು, ಚುಂಚನಕಟ್ಟೆಯ ಸಿದ್ದೇಗೌಡರ ಮಗಳದ್ದೆಂದೂ, ದಾರಿಯಲ್ಲಿ ಹುಣಸೂರಿನ ಜೋಯಿಸರಿಗೆ ತೋರಿಸಿ ನನ್ನದರ ಜೊತೆ ಕೂಡುತ್ತದೋ ಕೇಳಬೇಕೆಂದೂ ಹೇಳಿದರು. ಜೋಪಾನ ಎಂದು ಎರಡು ಸಲ ಹೇಳಿದರು. ಯಾಕೆ ಜೋಪಾನ ಅಂತ ಅವರಿಗೂ ಆಗ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಜೋಯಿಸರು ಆ ಸುರುಳಿಯನ್ನು ಬಿಚ್ಚಿ ಹರಡಿದಾಗ ನನ್ನ ಎದೆ ಧಸಕ್ಕೆಂದಿತು. ಬೇರೆ ವರಗಳಿಗೆ ಹುಡುಗಿಯನ್ನು ನೋಡಿ ಹೀಗಾಗುತ್ತದಂತೆ. ನನಗೆ ಅವಳ ಜಾತಕದ ಕಾಗದವನ್ನು ನೋಡಿ ಆಯಿತು. ಒಂದು ಮೊಳಕ್ಕೂ ಹೆಚ್ಚು ಉದ್ದ, ಅಷ್ಟೇ ಅಗಲ. ಕೆನೆಯ ಬಣ್ಣ. ಎಳೆ ಎಳೆಯಾಗಿ ನಾರು ಕಾಣುತ್ತಿತ್ತು, ಮುಟ್ಟಿದರೆ ಒಗೆದು ಮೆತ್ತಗಾದ ಪಂಚೆಯ ಹಾಗೆ. ನಾಲ್ಕೂ ಅಂಚಿಗೆ ಅಚ್ಚೊತ್ತಿದ ಕೆಂಪು ತಾವರೆ, ನೀಲಿ ಮೋಡ. ಬರೆದದ್ದು ನಟ್ಟ ನಡುವೆ ಒಂದಿಷ್ಟು. ಜೋಯಿಸರು ಬೆರಳು ಮಡಿಸುತ್ತ ಗುಣ ಎಣಿಸುತ್ತಿದ್ದರೆ ನಾನು ಮನಸ್ಸಿನಲ್ಲೇ ಅಂಚು ಮಡಿಸುತ್ತಿದ್ದೆ. ಹದಿನೆಂಟು ಗುಣವಾದರೂ ಕೂಡಬೇಕಾದಲ್ಲಿ ಹನ್ನೊಂದೇ ಕೂಡಿದೆ, ಮುಂದುವರಿಯಬೇಡಿ ಎಂದು ಅವರು ಹೇಳಿದಾಗ ನನ್ನ ಮುಖದಲ್ಲಿ ದುಃಖದ ಬದಲು ಬೇರೇನೋ ಕಂಡಿರಬೇಕು. ಒಂಥರಾ ನೋಡಿದರು.

ಸುದ್ದಿಯನ್ನು ಅಪ್ಪನಿಗೆ ಕಾರ್ಡಿನಲ್ಲಿ ಬರೆದೆ. ಮುಂದಿನ ಸಲ ಬರುವಾಗ ಜಾತಕ ತಂದುಬಿಡು ಎಂದು ಅವರು ಉತ್ತರ ಬರೆದರು. ಮುಂದಿನ ಸಲಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಅಷ್ಟು ದಿನ ಅದು ನನ್ನ ಟ್ರಂಕಿನಲ್ಲಿ, ನನ್ನದೇ ಕೋಣೆಯಲ್ಲಿ. ನಾನು ತಡೆದುಕೊಂಡೆ. ಹದಿನಾರು ದಿನ ತಡೆದುಕೊಂಡೆನೆಂದು ಈಗಲೂ ಧೈರ್ಯವಾಗಿ ಹೇಳಬಲ್ಲೆ. ಹದಿನೇಳನೆಯ ದಿನ ಭಾನುವಾರ. ಕೂಡದ ಜಾತಕ ಜಾತಕವೇ ಅಲ್ಲ, ಬರೀ ಕಾಗದ ಎಂದು ಮನಸ್ಸು ವಾದಿಸಿತು. ಮಡಿಸಿದ್ದನ್ನು ಬಿಚ್ಚಿ ಟ್ರಂಕಿನಡಿ ಒತ್ತಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಧೈರ್ಯ ತುಂಬಿತು. ಬೆಳಿಗ್ಗೆ ತಿಂಡಿಯೂ ಇಲ್ಲದೆ ಕೂತವನು ಮಧ್ಯಾಹ್ನ ಮೂರಕ್ಕೆ ಎದ್ದೆ. ಎದುರಿಗೆ ಬೆಕ್ಕಿನ ಮರಿಯಷ್ಟು ದೊಡ್ಡ ಆನೆ. ಕಿವಿಯ ಅಂಚಿಗೆ ಸರಿಯಾಗಿ ತಾವರೆ ಬಂದಿತ್ತು, ಬೆನ್ನ ಮೇಲೆ ಮೋಡ. ಜಾತಕದ ಬರಹವೆಲ್ಲ ಹೊಟ್ಟೆಯೊಳಗೆ ಸೇರಿತ್ತು. ಹಿಂಗಾಲುಗಳೆರಡೂ ಬೊಮ್ಮಣ್ಣ ತೋರಿಸಿದ ಹಾಗೆ ಮುಂದಕ್ಕೆ ಬಾಗಿ, ಈಗ ತಾನೆ ಮಂಡಿಯೂರಲು ಹೊರಟ ಹಾಗಿದ್ದವು. ಒಂದು ಎಳೆಯೂ ಹರಿದಿರಲಿಲ್ಲ. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಅವತ್ತು ಎರಡು ಸೇರು ಅಕ್ಕಿ ಬೇಯಿಸಿದ್ದರೂ ಉಣ್ಣುತ್ತಿದ್ದೆ.

ಮರುವಾರ ಅಪ್ಪನ ಇನ್ನೊಂದು ಕಾರ್ಡು ಬಂತು. ಅಪ್ಪ ಕಾರ್ಡಿನಲ್ಲಿ ಯಾವತ್ತೂ ನಾಲ್ಕು ಸಾಲಿಗಿಂತ ಹೆಚ್ಚು ಬರೆದವರಲ್ಲ. ಅವತ್ತು ಅಂಚಿನಲ್ಲೂ ಬರೆದಿದ್ದರು. ಚುಂಚನಕಟ್ಟೆಯ ಹುಡುಗಿಗೆ ಬೇರೆ ಕಡೆಯಿಂದ ಸಂಬಂಧ ಬಂದಿದೆ, ಅವರು ಜಾತಕ ಕೇಳಿದ್ದಾರೆ, ಸಿದ್ದೇಗೌಡರು ಎರಡು ಸಲ ಹೇಳಿಕಳಿಸಿದರು. ಆ ಕಾಗದ ಹುಡುಗಿಯ ಸೋದರಮಾವ ಮಿಲಿಟರಿಯಲ್ಲಿದ್ದಾಗ ಹಿಮದ ಬೆಟ್ಟಗಳ ಕಡೆಯಿಂದ ತಂದುಕೊಟ್ಟದ್ದಂತೆ. ಅಕ್ಕನ ಮಗಳ ಜಾತಕ ಎಲ್ಲರ ಹಾಗಿರಬಾರದು, ಇದರಲ್ಲೇ ಬರೆಸಿ ಎಂದು ಹೇಳಿ ಹೋದವನು ಚೀನಾ ಯುದ್ಧದಿಂದ ವಾಪಸು ಬರಲಿಲ್ಲವಂತೆ. ಆದ್ದರಿಂದ ಅಂಚೆಗೆ ಹಾಕಬೇಡ, ರಜ ಹಾಕಿ ನೀನೇ ಹೋಗಿ, ಎಲೆ ಅಡಿಕೆ ತೆಂಗಿನಕಾಯಿ ಸಮೇತ ಕೊಟ್ಟು ಬಾ.

ನಾನು ಕಾರ್ಡನ್ನು ಓದಿ ಮುಗಿಸಿ ಆನೆಯ ಕಡೆ ನೋಡಿದೆ. ಅದುವರೆಗೆ ಅದು ನನ್ನದಾಗಿತ್ತು. ಆಮೇಲೆ ಅದರ ಮೇಲೆ ಕೈ ಇಡಲು ಹೆದರಿಕೆಯಾಯಿತು. ಕೊನೆಗೆ ಬಾಗಿಲು ಹಾಕಿಕೊಂಡು ಬಿಚ್ಚಿದೆ. ಗಟ್ಟಿ ಕಾಗದದ ಒಂದು ಗುಣವನ್ನು ನಾನು ಯೋಚಿಸಿಯೇ ಇರಲಿಲ್ಲ. ಅದು ಹರಿಯುವುದಿಲ್ಲ, ನಿಜ. ಒಂದು ಸಲ ಕಂಡದ್ದನ್ನು ಮರೆಯುವುದೂ ಇಲ್ಲ. ಬಿಚ್ಚಿದ ಹಾಳೆಯ ತುಂಬ ನೂರಾರು ಗೆರೆ, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಹಾಗೆ. ಟ್ರಂಕಿನಡಿ ಒಂದು ದಿನ ಇಟ್ಟೆ, ಗೆರೆ ಹೋಗಲಿಲ್ಲ. ಬಟ್ಟೆ ಒಗೆಯುವವರ ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದು, ಕೆಂಡ ತುಂಬಿ, ಅವರು ಮಾಡುವ ಹಾಗೆ ಕೈಯಲ್ಲಿ ಒಂದಿಷ್ಟು ನೀರು ಚಿಮುಕಿಸಿದೆ. ಅದೊಂದು ಮಾಡಬಾರದಿತ್ತು. ಜಾತಕದ ಮಸಿ ಕರಗಿತು. ಗುರು ತನ್ನ ಮನೆ ಬಿಟ್ಟು ಪಕ್ಕದ ಮನೆಗೆ ಹರಿದ. ಶುಕ್ರನೂ ಬುಧನೂ ಒಂದೇ ಕಲೆಯಾದರು. ಶನಿ ಮಾತ್ರ ಇದ್ದಲ್ಲೇ ಇದ್ದ.

ಆ ಗೆರೆಗಟ್ಟಿದ, ಮಸಿ ಹರಡಿದ ಹಾಳೆಯನ್ನು ಕೊಡುವುದೋ, ಕಳೆದುಹೋಯಿತೆಂದು ಸುಳ್ಳು ಹೇಳುವುದೋ ಎಂದು ಎರಡು ದಿನ ಒದ್ದಾಡಿದೆ. ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ ಎಂದರೆ ಅದೇ ದೊಡ್ಡ ಸುಳ್ಳಾಗುತ್ತದೆ. ಮನಸ್ಸು ಒಪ್ಪಿತ್ತು. ಆದರೆ ಯುದ್ಧದಿಂದ ಬಾರದ ಮನುಷ್ಯ ಕೊಟ್ಟದ್ದು ಬಸ್ಸಿನಲ್ಲಿ ಬಿದ್ದುಹೋಯಿತು ಎನ್ನಲು ನಾಲಿಗೆ ಬರಲಿಲ್ಲ. ಹಾಳೆಯಾಗಿ ನೋಡಿದರೆ ಅದು ಹಾಳಾದ ವಸ್ತು, ಆನೆಯಾಗಿ ನೋಡಿದರೆ ಅಷ್ಟು ಹಾಳಾಗಿ ಕಾಣುತ್ತಿರಲಿಲ್ಲ. ಗೆರೆಗಳು ತಾವೇ ದಾರಿ ತೋರಿಸಿದವು, ಅರ್ಧ ಗಂಟೆಯಲ್ಲಿ ಮತ್ತೆ ಎದ್ದು ನಿಂತಿತು. ಅದನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟುಕೊಂಡು ಶನಿವಾರ ಮೊದಲ ಬಸ್ಸು ಹತ್ತಿದೆ.

ಸರಗೂರಿನಿಂದ ಕೋಟೆ ಪಟ್ಟಣದ ಮೇಲೆ ಹಾದು ಹುಣಸೂರಿಗೆ ಒಂದು, ಅಲ್ಲಿಂದ ಕೃಷ್ಣರಾಜನಗರಕ್ಕೆ ಇನ್ನೊಂದು, ಚುಂಚನಕಟ್ಟೆಗೆ ಮೂರನೆಯದು. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲೂ ತಬ್ಬಿ, ಹೇಳಬೇಕಾದ ಮಾತನ್ನು ಬಾಯಲ್ಲೇ ಉರು ಹೊಡೆಯುತ್ತ ಕೂತಿದ್ದೆ. ಪಕ್ಕದವರು ನಾನು ಮಂತ್ರ ಹೇಳುತ್ತಿದ್ದೇನೆಂದು ಸರಿದು ಕೂತರು. ಚುಂಚನಕಟ್ಟೆಯಲ್ಲಿ ಇಳಿದರೆ ಕಾವೇರಿ ಬಂಡೆಯ ಮೇಲಿನಿಂದ ಬೀಳುವ ಸದ್ದು. ಅಲ್ಲಿಯ ರಾಮದೇವರ ಗರ್ಭಗುಡಿಯೊಳಗೆ ಮಾತ್ರ ಆ ಸದ್ದು ಕೇಳಿಸುವುದಿಲ್ಲವೆಂದು ಜನ ಹೇಳುತ್ತಾರೆ. ಅವತ್ತು ನನ್ನ ಎದೆ ಬಡಿದುಕೊಳ್ಳುತ್ತಿದ್ದ ಸದ್ದು ಗರ್ಭಗುಡಿಗೂ ಕೇಳಿಸುತ್ತಿತ್ತು.

ಸಿದ್ದೇಗೌಡರ ಮನೆಯ ಜಗಲಿಯಲ್ಲಿ ಅವರ ತಾಯಿ ಚಿಕ್ಕತಾಯಮ್ಮ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತ ಕೂತಿದ್ದರು. ನಾನು ಯಾರೆಂದು ಹೇಳಿ ಎಲೆ ಅಡಿಕೆ ಕಾಯಿ ಮುಂದಿಟ್ಟೆ. ಕೂತುಕೊಳ್ಳಲು ಹೇಳಿ, ಒಳಗಿನಿಂದ ಮಜ್ಜಿಗೆ ತರಿಸಿಕೊಟ್ಟರು. ಕುಡಿದೆ. ಮತ್ತೆ ಕೊಟ್ಟರು, ಕುಡಿದೆ. ಮಜ್ಜಿಗೆ ಇರುವವರೆಗೆ ಮಾತಾಡಬೇಕಾಗಿಲ್ಲವಲ್ಲ ಎಂದು ಮೂರನೆಯ ಲೋಟವನ್ನೂ ಕುಡಿದೆ. ಆಮೇಲೆ ಬೇರೆ ದಾರಿ ಇರಲಿಲ್ಲ. ಡಬ್ಬದ ಮುಚ್ಚಳ ತೆಗೆದು ಆನೆಯನ್ನು ಮೊರದ ಪಕ್ಕ ನಿಲ್ಲಿಸಿದೆ.

"ಏನಪ್ಪ ಇದು?" ಎಂದರು ಅಜ್ಜಿ.

"ಜಾತಕ, ಅಜ್ಜಿ" ಎಂದೆ.

ಬಸ್ಸಿನಲ್ಲಿ ಉರು ಹೊಡೆದದ್ದು ಒಂದೂ ನೆನಪಿಗೆ ಬರಲಿಲ್ಲ. ಹೇಗೆ ಹೇಗೋ ಎಲ್ಲ ಹೇಳಿದೆ. ಕಾಗದದ ಚಟ, ಬೊಮ್ಮಣ್ಣ, ಮಂಡಿ, ಹದಿನಾರು ದಿನ, ಇಸ್ತ್ರಿ ಪೆಟ್ಟಿಗೆ. ಅಷ್ಟರಲ್ಲಿ ಸಿದ್ದೇಗೌಡರು ನಾಲೆಯ ಕಡೆಯಿಂದ ಬಂದು, ಕಾಲು ತೊಳೆದು, ಮೇಲೆ ಬರದೆ ಕಲ್ಲಿನ ಮೇಲೇ ನಿಂತು ಕೇಳಿಸಿಕೊಂಡಿದ್ದರು. ದೊಡ್ಡ ಆಳು, ದಪ್ಪ ಮೀಸೆ. ಬೈಯುತ್ತಾರೆಂದು ಕಾದೆ. ಅವರು ಆನೆಯನ್ನೇ ನೋಡಿ, "ಮೇಷ್ಟ್ರೇ, ಮಕ್ಕಳ ಪುಸ್ತಕಾನೂ ಇಂಗೇ ಮಾಡೀರಾ?" ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಒಳಗಿನಿಂದ ಹುಡುಗಿಯ ತಾಯಿ ಬಂದರು. ಅವರ ಹಿಂದೆ ಬಾಗಿಲ ಮರೆಯಲ್ಲಿ ಹುಡುಗಿ. ತಾಯಿ ಯಾರ ಮುಖವನ್ನೂ ನೋಡದೆ ಆನೆಯನ್ನು ಎತ್ತಿಕೊಂಡರು. ಕಿವಿಯ ಮೇಲಿನ ತಾವರೆಯನ್ನು ಬೆರಳಿನಲ್ಲಿ ಸವರಿದರು. ಕಣ್ಣಿಂದ ನೀರು ಇಳಿಯಿತು. ನನಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ನಾನು ಹಾಳು ಮಾಡಿದ್ದು ಕಾಗದವನ್ನಲ್ಲ ಎಂಬುದು ಆಗ ಸರಿಯಾಗಿ ಅರ್ಥವಾಯಿತು. ಬೇಕಾದರೆ ಈಗಲೇ ಬಿಚ್ಚಿ ಹಾಳೆ ಮಾಡಿಕೊಡುತ್ತೇನೆ, ಅಂಚು ಕೆಟ್ಟಿಲ್ಲ ಎಂದು ತೊದಲಿದೆ.

"ಬ್ಯಾಡ ಬುಡಿ" ಎಂದರು ಆ ತಾಯಿ. "ಇಷ್ಟು ವರ್ಷ ಸುತ್ತಿ ಪೆಟ್ಟಿಗೇಲಿ ಇಟ್ಟಿದ್ದೆ. ತೆಗೆದು ನೋಡಕ್ಕೆ ಧೈರ್ಯ ಇರ್ಲಿಲ್ಲ. ಇಂಗಾದ್ರೂ ಕಣ್ಮುಂದೆ ನಿಂತಿರ್ಲಿ."

ಒಳಗೆ ತೆಗೆದುಕೊಂಡು ಹೋಗಿ ಗೋಡೆಯ ಗೂಡಿನಲ್ಲಿ, ಮಿಲಿಟರಿ ಟೋಪಿ ಹಾಕಿಕೊಂಡು ನಗುತ್ತಿದ್ದ ಒಬ್ಬ ಯುವಕನ ಫೋಟೋದ ಪಕ್ಕ ಇಟ್ಟರು. ನಾನು ಹೊರಗಿನಿಂದಲೇ ನೋಡಿದೆ. ಸಿದ್ದೇಗೌಡರು ಕೆಮ್ಮಿದರು. ಜಗಲಿಯಲ್ಲಿ ಮೊರದ ಸದ್ದು ಮತ್ತೆ ಶುರುವಾಯಿತು. ನಾನು ಹೊರಡಲು ಎದ್ದಾಗ ಬಾಗಿಲ ಮರೆಯಿಂದ ಹುಡುಗಿ ಒಂದೇ ಒಂದು ಮಾತು ಕೇಳಿದಳು. ನನ್ನನ್ನಲ್ಲ, ಅಜ್ಜಿಯನ್ನು ಕೇಳುವ ಹಾಗೆ.

"ನನ್ನ ಶನಿ ಎಲ್ಲವ್ನೆ ಅಂತ ಕೇಳಜ್ಜಿ."

"ಹೊಟ್ಟೆಯೊಳಗೆ" ಎಂದೆ.

ಆಕೆ ನಕ್ಕಳೋ ಇಲ್ಲವೋ ಕಾಣಲಿಲ್ಲ, ಬಾಗಿಲು ಅಲ್ಲಾಡಿದ್ದು ಕಾಣಿಸಿತು. ಹನ್ನೊಂದೇ ಗುಣ ಎಂದ ಜೋಯಿಸರ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂದದ್ದು ಅಲ್ಲಿ. ವಾಪಸು ಬರುವಾಗ ಬಸ್ಸಿನ ಟಿಕೆಟ್ಟು ಟಿಕೆಟ್ಟಾಗಿಯೇ ಉಳಿಯಿತು. ಅಷ್ಟು ಕೆಟ್ಟಿತ್ತು ಮನಸ್ಸು.

ಮುಂದೆ ನಡೆದದ್ದು ನನಗೆ ತಿಳಿದದ್ದು ಅಪ್ಪನ ಕಾರ್ಡುಗಳಿಂದ. ಬೇರೆ ಸಂಬಂಧದವರಿಗೆ ಕೊಡಲು ಹೊಸ ಜಾತಕ ಬರೆಸಲೇಬೇಕಿತ್ತು, ಏಕೆಂದರೆ ಹಳೆಯದು ಗೂಡಿನಲ್ಲಿ ಸೊಂಡಿಲೆತ್ತಿ ನಿಂತಿತ್ತು. ಸಿದ್ದೇಗೌಡರು ಊರಿನ ಜೋಯಿಸರನ್ನು ಮನೆಗೇ ಕರೆಸಿದರು. ಹುಟ್ಟಿದ ಹೊತ್ತನ್ನು ಹೇಳಬೇಕಾದವರು ಚಿಕ್ಕತಾಯಮ್ಮ. ಹೆರಿಗೆ ಮಾಡಿಸಿದವರೂ ಅವರೇ, ಮನೆಯಲ್ಲಿ ಆಗ ಗಡಿಯಾರ ಇರಲಿಲ್ಲ. ಹಿಂದೆ ಜಾತಕ ಬರೆಸುವಾಗ ಅವರು ಮೊದಲ ಕೋಳಿ ಕೂಗುವ ಮುಂಚೆ ಎಂದಿದ್ದರಂತೆ. ಈ ಸಲ ಯೋಚನೆ ಮಾಡಿ, ಕೂಗುವ ಮುಂಚೆ ಅಲ್ಲ, ಕೂಗಿ ಎಷ್ಟೋ ಹೊತ್ತಾಗಿತ್ತು, ಬೆಳಕು ಹರಿಯುತ್ತಿತ್ತು ಎಂದರಂತೆ. ಅಮ್ಮ, ಸರಿಯಾಗಿ ನೆನಪು ಮಾಡಿಕೊಳ್ಳಿ ಎಂದು ಜೋಯಿಸರು ಹೇಳಿದ್ದಕ್ಕೆ, ನೀವೇನು ಬಾಣಂತಿ ಕೋಣೆಯಲ್ಲಿ ಇದ್ದಿರಾ ಎಂದು ಕೇಳಿದರಂತೆ. ಆ ವ್ಯತ್ಯಾಸದಲ್ಲಿ ಹುಡುಗಿಯ ನಕ್ಷತ್ರವೇ ದಾಟಿಹೋಯಿತು. ಹೊಸ ಜಾತಕದ ಮೊದಲ ಪ್ರತಿ ಬೇರೆ ಸಂಬಂಧದವರಿಗೆ ಹೋಗಲಿಲ್ಲ. ಮೊದಲು ಬಂದವರಿಗೆ ಮೊದಲು ತೋರಿಸುವುದು ಮರ್ಯಾದೆ ಎಂದು ಅಜ್ಜಿ ಹಟ ಹಿಡಿದು ನಮ್ಮೂರಿಗೆ ಕಳಿಸಿದರು. ಅಪ್ಪ ಈ ಸಲ ನನ್ನ ಕೈಗೆ ಕೊಡದೆ ತಾವೇ ಹುಣಸೂರಿಗೆ ಹೋದರು. ಇಪ್ಪತ್ತಾರು ಗುಣ. ಜೋಯಿಸರು ಹಳೆಯದನ್ನೂ ತರಲು ಹೇಳಿದರಂತೆ, ಹೋಲಿಸಿ ನೋಡಲು. ಅದು ತರುವ ಸ್ಥಿತಿಯಲ್ಲಿಲ್ಲ ಎಂದು ಅಪ್ಪ ಹೇಳಿ ಬಂದರು.

ವೈಶಾಖದಲ್ಲಿ ಮದುವೆಯಾಯಿತು. ಬಾಗಿಲ ಮರೆಯ ಹುಡುಗಿ ಸಾವಿತ್ರಿ ಸರಗೂರಿಗೆ ಬಂದಳು. ಅವಳು ಬಂದ ವಾರದಲ್ಲೇ ಬೊಮ್ಮಣ್ಣ ಒಂದು ಸೋರೆಬುರುಡೆ ತುಂಬ ಜೇನುತುಪ್ಪ ತಂದುಕೊಟ್ಟ. ಮಂಡಿ ಸರಿಬಂತೇ ಎಂದು ಕೇಳಿದ. ಬಂತು, ಆದರೆ ಆನೆ ಈಗ ಮಾವನ ಮನೆಯಲ್ಲಿದೆ ಎಂದೆ. ಆನೆ ಕೊಟ್ಟು ಹೆಣ್ಣು ತಂದಿರಾ, ಅದು ರಾಜರ ಕೆಲಸ ಎಂದು ಅವನು ಗಂಭೀರವಾಗಿ ಹೇಳಿದ.

ಆ ಮಾತು ನನ್ನ ತಲೆಗೆ ಹತ್ತಿತು. ನನ್ನ ಕಲೆಯೇ ನನಗೆ ಹೆಂಡತಿಯನ್ನು ತಂದುಕೊಟ್ಟಿತು ಎಂದು ನಂಬಿದೆ. ಶಾಲೆಯಲ್ಲಿ ಹೇಳಿದೆ, ನೆಂಟರಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದೆ. ಹೊಸ ಹೊಸ ಕಾಗದ ಹುಡುಕಿ ಜಿಂಕೆ, ಹುಲಿ, ಕಾಡುಕೋಣ ಎಲ್ಲ ಮಾಡಿದೆ. ಸಾವಿತ್ರಿ ಇದನ್ನೆಲ್ಲ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಅವಳು ಸುಮ್ಮನಿದ್ದದ್ದೇ ಒಪ್ಪಿಗೆ ಎಂದುಕೊಂಡಿದ್ದೆ. ಮದುವೆಯಾದ ಹೊಸತರಲ್ಲಿ ಗಂಡಸರು ಇಂಥ ತಪ್ಪು ಮಾಡುವುದುಂಟು.

ಎಪ್ಪತ್ತೆರಡೋ ಮೂರೋ, ದೊಡ್ಡ ಮಗಳು ನಡೆಯಲು ಕಲಿತ ವರ್ಷ. ಚುಂಚನಕಟ್ಟೆಗೆ ಹೋಗಿದ್ದೆವು. ಚಿಕ್ಕತಾಯಮ್ಮನಿಗೆ ಕಣ್ಣು ಮಂಜಾಗಿತ್ತು, ನೆನಪು ಮಾತ್ರ ಚೊಕ್ಕವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಅದೇ ಜಗಲಿಯಲ್ಲಿ ಕೂತಿದ್ದಾಗ, ಹೊಗಳಿಸಿಕೊಳ್ಳುವ ಆಸೆಯಿಂದ ನಾನೇ ಮಾತು ತೆಗೆದೆ. ಅವತ್ತು ಆ ಆನೆ ಅಷ್ಟು ಚೆನ್ನಾಗಿತ್ತು ಅಂತ ತಾನೇ ನೀವು ಕೋಳಿಯನ್ನು ಮುಂಚೆ ಕೂಗಿಸಿದ್ದು ಎಂದು ಕೇಳಿದೆ. ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡರು.

"ಅದು ಆನೆನಾ? ನಾನು ಅಂದಿಮರಿ ಅಂದ್ಕಂಡಿದ್ದೆ ಕಣಪ್ಪ" ಎಂದರು.

ಒಳಗಿನಿಂದ ಸಾವಿತ್ರಿ ನಗುವುದು ಕೇಳಿಸಿತು. ಮತ್ತೆ ಯಾಕೆ ಹೊತ್ತು ಬದಲಾಯಿಸಿದಿರಿ ಎಂದು ಕೇಳಿದೆ, ಸ್ವಲ್ಪ ಮುನಿಸಿನಿಂದಲೇ. ಅಜ್ಜಿ ಹೊಲದ ಕಡೆ ನೋಡಿದರು. ಅಲ್ಲಿ ನಮ್ಮ ಮಾವ ಸಿದ್ದೇಗೌಡರು ಯಾರಿಗೋ ಯಾವುದೋ ವಿಷಯದಲ್ಲಿ, ತಪ್ಪು ತಮ್ಮದಲ್ಲವೆಂದು ಜೋರಾಗಿ ವಿವರಿಸುತ್ತಿದ್ದರು.

"ನನ್ನ ಗಂಡ ಬದುಕಿರೋಗಂಟ ಒಂದು ತಪ್ಪು ಒಪ್ಕಳ್ಳಿಲ್ಲ. ಅಗಾ, ನನ್ನ ಮಗ ಇವತ್ಗೂ ಒಪ್ಕಂಡಿಲ್ಲ. ನೀನು ಮೂರು ಬಸ್ಸು ಅತ್ತಿ, ತಪ್ಪು ಮಾಡಿವ್ನಿ ಅಂತ ಏಳಕ್ಕೇ ಬಂದಿದ್ದೆ. ಇಂಥೋನು ಒಬ್ಬ ಇರ್ಲಿ ನಮ್ಮ ಮಗೀಗೆ ಅಂತ ಕೋಳಿ ಕೂಗ್ತು."

ಇದನ್ನು ಸಾವಿತ್ರಿಗೆ ಅಜ್ಜಿ ಮದುವೆಗೆ ಮುಂಚೆಯೇ ಹೇಳಿದ್ದರಂತೆ. ಅವಳು ಅಷ್ಟು ವರ್ಷ ನನ್ನ ಕಲೆಯ ಕಥೆಯನ್ನು ಸುಮ್ಮನೆ ಕೇಳಿಸಿಕೊಂಡದ್ದು ಕನಿಕರದಿಂದ. ಅಂದಿನಿಂದ ಆ ಕನಿಕರವೂ ಹೋಯಿತು, ನನ್ನನ್ನು ಯಾವ ಗುಣ ನೋಡಿ ತಂದದ್ದು ಎಂಬುದು ಮನೆಯಲ್ಲಿ ಬಹಿರಂಗವಾಯಿತು. ಆ ಅಜ್ಜಿ ಇಲ್ಲ, ಆ ಜಗಲಿ ಇಲ್ಲ, ಬೊಮ್ಮಣ್ಣನೂ ಇಲ್ಲ. ನನ್ನ ಬೆರಳುಗಳು ಈಗ ನವಿಲಿನ ಕುತ್ತಿಗೆಗೇ ನಡುಗುತ್ತವೆ. ಆದರೆ ತಪ್ಪು ಒಪ್ಪಿಕೊಳ್ಳುವ ಕೆಲಸಕ್ಕೆ ನಿವೃತ್ತಿ ಸಿಕ್ಕಿಲ್ಲ. ಮೊನ್ನೆ ಬೆಳಿಗ್ಗೆ ನಾನು ಇನ್ನೂ ಹಾಸಿಗೆಯಲ್ಲೇ ಇದ್ದೆ. ಅಡುಗೆಮನೆಯಲ್ಲಿ ಸಾವಿತ್ರಿ ಹಾಲಿನ ಪಾತ್ರೆಯ ಎದುರಿಗೇ ನಿಂತು ಪಕ್ಕದ ಮನೆಯವರೊಡನೆ ಕಿಟಕಿಯಲ್ಲಿ ಮಾತಾಡುತ್ತಿದ್ದಾಗ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತಂತೆ. ರೀ ಎಂದು ಒಂದೇ ಕೂಗು ಕೂಗಿದಳು. ಏನಾಯಿತು ಎಂದು ನಾನು ಕೇಳಲಿಲ್ಲ. ಹೊದಿಕೆಯೊಳಗಿನಿಂದಲೇ, ತಪ್ಪಾಯಿತು ಕಣೇ ಎಂದೆ.